ದೀಪಕ್ಕೆ ಬರುವ ಎರಡು ದೊಡ್ಡ ಹುಳುಗಳು ಗಂಡು ಹೆಣ್ಣೇ?

ಪ್ರಶ್ನೆ: ಮಳೆಗಾಲದ ರಾತ್ರಿ ಶಹಾಪುರದ ನಮ್ಮ ಮನೆಯ ದೀಪಕ್ಕೆ ಎರಡು ಬಗೆಯ ದೊಡ್ಡ ಹುಳುಗಳು ಬರುತ್ತವೆ. ಒಂದು ಕರ್ರಗೆ ಹೊಳೆಯುತ್ತದೆ, ಇನ್ನೊಂದು ಮಣ್ಣಿನ ಬಣ್ಣದ್ದು. ಇವು ಒಂದೇ ಜಾತಿಯ ಗಂಡು ಹೆಣ್ಣೇ?

ಉತ್ತರ: ಅಲ್ಲ. ಕರಿಯದು ಹೊಲದ ಚಿಮ್ಮಂಡೆ. ಸ್ವೀಡನ್ನಿನ ಕೀಟತಜ್ಞ ಡಿ ಗೀರ್ 1773ರಲ್ಲಿ ವಿವರಿಸಿದ ಇದರ ವೈಜ್ಞಾನಿಕ ಹೆಸರು ಗ್ರಿಲಸ್ ಬೈಮ್ಯಾಕುಲೇಟಸ್. ರೆಕ್ಕೆಯ ಬುಡದಲ್ಲಿರುವ ಎರಡು ಹಳದಿ ಚುಕ್ಕೆಗಳೇ ಇದರ ಗುರುತು. ಕಂದು ಬಣ್ಣದ್ದು ಗ್ರಿಲೊಟಾಲ್ಪ ಕುಲದ ಮೋಲ್ ಕ್ರಿಕೆಟ್, ಅದರ ಕುಟುಂಬವೇ ಬೇರೆ. ಎರಡೂ ಸುಮಾರು ಮೂರು ಸೆಂಟಿಮೀಟರ್ ಬೆಳೆಯುತ್ತವೆ, ಎರಡೂ ಹಾರಿ ಬೆಳಕಿಗೆ ಬರುತ್ತವೆ. ಆದ್ದರಿಂದ ಗೊಂದಲ ಸಹಜ.

ಸಂಶಯವಿದ್ದರೆ ಮುಂಗಾಲನ್ನು ನೋಡಬೇಕು. ಮೋಲ್ ಕ್ರಿಕೆಟ್ಟಿನ ಮುಂಗಾಲು ಅಗಲವಾಗಿ, ಚಪ್ಪಟೆಯಾಗಿ, ಅಂಚಿನಲ್ಲಿ ಗಟ್ಟಿ ಹಲ್ಲುಗಳನ್ನು ಹೊಂದಿ, ಸಲಿಕೆಯಂತೆ ಮಣ್ಣನ್ನು ಪಕ್ಕಕ್ಕೆ ಒತ್ತುತ್ತದೆ. ಮೈಮೇಲಿನ ಒತ್ತಾದ ನವಿರು ರೋಮಗಳಿಂದಾಗಿ ಹಸಿ ಮಣ್ಣಿನಲ್ಲಿದ್ದರೂ ಅದರ ಮೈ ಸುಲಭವಾಗಿ ಒದ್ದೆಯಾಗುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ನೆಲ್ಲಿನ ಗದ್ದೆಗಳ ಬದುಗಳಂಥ ತೇವದ ಜಾಗಗಳು ಅದಕ್ಕೆ ಹೇಳಿಮಾಡಿಸಿದವು. ಚಿಮ್ಮಂಡೆಗೆ ಇಂಥ ಸಲಿಕೆ ಇಲ್ಲ. ಅದಕ್ಕಿರುವುದು ಜಿಗಿಯುವ ಬಲವಾದ ಹಿಂಗಾಲು. ತೊಗರಿ ಬೆಳೆಯುವ ಎರೆ ಹೊಲದಲ್ಲಿ ಬಿರುಕು, ಹೆಂಟೆ, ಕಲ್ಲಿನ ಅಡಿ, ಹೀಗೆ ಸಿಕ್ಕ ಸಂದಿಯಲ್ಲಿ ಹಗಲು ಕಳೆದು ರಾತ್ರಿ ಹೊರಬರುತ್ತದೆ.

ಗಂಡು ಹೆಣ್ಣುಗಳ ವ್ಯತ್ಯಾಸವನ್ನು ಆಯಾ ಜಾತಿಯೊಳಗೇ ಹುಡುಕಬೇಕು. ಹೆಣ್ಣು ಚಿಮ್ಮಂಡೆಯ ಹಿಂಭಾಗದಲ್ಲಿ ಸೂಜಿಯಂಥ ನಳಿಗೆ ಚಾಚಿರುತ್ತದೆ. ಅದನ್ನು ತೇವದ ಮಣ್ಣಿಗೆ ಚುಚ್ಚಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಹೆಣ್ಣು ಮೋಲ್ ಕ್ರಿಕೆಟ್ಟಿಗೆ ಈ ನಳಿಗೆ ಹೊರಗೆ ಕಾಣುವುದಿಲ್ಲ. ಅದು ನೆಲದೊಳಗಿನ ಗೂಡಿನಲ್ಲಿ ಮೊಟ್ಟೆ ಇಟ್ಟು ಕಾಯುತ್ತದೆ. ರೆಕ್ಕೆ ಉಜ್ಜಿ ಜೋರಾಗಿ ಕೂಗಿ ಹೆಣ್ಣನ್ನು ಕರೆಯುವುದು ಎರಡರಲ್ಲೂ ಗಂಡೇ. ಚಿಮ್ಮಂಡೆಯ ದನಿ ತುಂಡುತುಂಡಾಗಿ ಬರುತ್ತದೆ. ಮೋಲ್ ಕ್ರಿಕೆಟ್ಟಿನದು ಕತ್ತಲಾಗುವ ಹೊತ್ತಿಗೆ ಶುರುವಾಗುವ ಎಡೆಬಿಡದ ಗುಂಯ್‌ಗಾಟ. ಬಿಲದ ಬಾಯನ್ನು ಕಹಳೆಯ ಆಕಾರಕ್ಕೆ ಕೊರೆದು ಒಳಗೆ ಕುಳಿತು ಕೂಗುವ ಅದರ ಜಾಣತನವೇ ನನಗೆ ಹೆಚ್ಚು ಬೆರಗಿನದು.

ಬೆಳೆಯ ವಿಷಯದಲ್ಲಿ ಕಣ್ಣಿಡಬೇಕಾದದ್ದು ಮೋಲ್ ಕ್ರಿಕೆಟ್ಟಿನ ಮೇಲೆ. ಸಸಿಮಡಿಯಲ್ಲಿ ಮಣ್ಣು ಗೆರೆಯಾಗಿ ಉಬ್ಬಿ, ಸಸಿ ಬಾಡಿ, ಎಳೆದಾಗ ಬೇರು ಕಡಿದಿರುವುದು ಕಂಡರೆ ಮಡಿಗೆ ನೀರು ತುಂಬಿಸಿ ನೋಡಿ. ಬಿಲದಲ್ಲಿದ್ದವು ಮೇಲೆದ್ದು ಬರುತ್ತವೆ, ಉಳಿದ ಕೆಲಸವನ್ನು ಬೆಳ್ಳಕ್ಕಿಗಳು ನೋಡಿಕೊಳ್ಳುತ್ತವೆ.