ಉಂಗುರವನ್ನು ಯಾವ ಕಡೆಯಿಂದ ಬಿಸಿಮಾಡಬೇಕು?

ಸಿಲಿಕಾನ್ ಚಿಪ್‌ನಲ್ಲಿ ಒಂದೇ ಬಣ್ಣದ ಬೆಳಕನ್ನು ಆರಿಸಿ ತೆಗೆಯಲು ಮೈಕ್ರೊ ರಿಂಗ್ ಬಳಸುತ್ತೇವೆ. 220 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪದರದಲ್ಲಿ ಸುಮಾರು 450 ನ್ಯಾನೊಮೀಟರ್ ಅಗಲದ, 5 ಮೈಕ್ರೊಮೀಟರ್ ತ್ರಿಜ್ಯದ ಉಂಗುರ. ಪಕ್ಕದಲ್ಲಿ ಇನ್ನೂರು ನ್ಯಾನೊಮೀಟರ್ ಸಂದು ಬಿಟ್ಟು, ಲೇಸರ್ ಬೆಳಕನ್ನು ತರುವ ನೇರ ವೇವ್‌ಗೈಡ್ (ಬೆಳಕಿನ ಕಾಲುವೆ). ಸುತ್ತಳತೆಯೊಳಗೆ ಪೂರ್ಣಸಂಖ್ಯೆಯ ಅಲೆಗಳಾಗಿ ಹಿಡಿಸುವ ತರಂಗಾಂತರ ಮಾತ್ರ ಉಂಗುರದಲ್ಲಿ ತುಂಬಿಕೊಳ್ಳುತ್ತದೆ. ಇದೇ ಉಂಗುರದ ಅನುರಣನ.

ವಿನ್ಯಾಸ ಸುಲಭ. ಕಷ್ಟವಿರುವುದು ಅದನ್ನು ಲೇಸರ್‌ಗೆ ಹೊಂದಿಸಿ ನಿಲ್ಲಿಸುವುದರಲ್ಲಿ. ಕೆತ್ತುವಾಗ ಅಗಲದಲ್ಲಿ 1 ನ್ಯಾನೊಮೀಟರ್ ಹೆಚ್ಚುಕಡಿಮೆಯಾದರೂ ಅನುರಣನ ಹೆಚ್ಚುಕಡಿಮೆ ಅಷ್ಟೇ ಸರಿಯುತ್ತದೆ. ಉಷ್ಣತೆ 1 ಡಿಗ್ರಿ ಏರಿದರೆ ಸುಮಾರು 0.07 ನ್ಯಾನೊಮೀಟರ್. ಕ್ಯೂ ಮೌಲ್ಯ (ಅನುರಣನ ಎಷ್ಟು ಚೂಪು ಎಂಬುದರ ಅಳತೆ) 10,000 ಇರುವ ಉಂಗುರದ ಅನುರಣನದ ಅಗಲವೇ 1550 ನ್ಯಾನೊಮೀಟರ್ ಬಳಿ ಬರೀ 0.155 ನ್ಯಾನೊಮೀಟರ್. ಎಂದರೆ ಎರಡು ಡಿಗ್ರಿ ಬದಲಾದರೆ ಸಾಕು, ಉಂಗುರ ಲೇಸರ್‌ನ ಕೈತಪ್ಪುತ್ತದೆ.

ಇದಕ್ಕೆ ಮೇಲೊಂದು ಲೋಹದ ಹೀಟರ್ ಕೂರಿಸುತ್ತೇವೆ. ನಡುವೆ 1 ಮೈಕ್ರೊಮೀಟರ್‌ಗಿಂತ ಬಹಳ ತೆಳುವಾದ ಆಕ್ಸೈಡ್ (ಗಾಜಿನಂಥ ಪದರ) ಇದ್ದರೆ ಲೋಹ ಬೆಳಕನ್ನೇ ಹೀರುತ್ತದೆ. ತೀರಾ ದಪ್ಪವಾದರೆ ಬಿಸಿ ಅಕ್ಕಪಕ್ಕದ ಉಂಗುರಗಳಿಗೂ ಹರಡುತ್ತದೆ.

ಹೀಟರ್ ಬಿಸಿಮಾಡಬಲ್ಲದು, ತಣ್ಣಗಾಗಿಸಲಾರದು. ಹಾಗಾಗಿ ಅನುರಣನವನ್ನು ಉದ್ದದ ತರಂಗಾಂತರದ ಕಡೆಗಷ್ಟೇ ತಳ್ಳಬಹುದು. ವಿನ್ಯಾಸದಲ್ಲೇ ಅದನ್ನು ಲೇಸರ್‌ಗಿಂತ ಒಂದೆರಡು ನ್ಯಾನೊಮೀಟರ್ ಕಿರಿದಾದ ಕಡೆಗೆ ಇಟ್ಟುಕೊಳ್ಳಿ. ಬಿಸಿಮಾಡುವ ಮೊದಲೇ ಅದು ಲೇಸರನ್ನು ದಾಟಿಹೋಗಿದ್ದರೆ ಮುಂದಿನ ಅನುರಣನವನ್ನು ಎಳೆತರಬೇಕು. ಈ ಗಾತ್ರದ ಉಂಗುರದಲ್ಲಿ ಅದು ಸುಮಾರು 18 ನ್ಯಾನೊಮೀಟರ್ ಹಿಂದಿರುತ್ತದೆ. ಅಂದರೆ ಇನ್ನೂರಕ್ಕೂ ಹೆಚ್ಚು ಡಿಗ್ರಿ ಬಿಸಿ!

ಬೆಳಕಿನ ಶಕ್ತಿ ಹೆಚ್ಚಿದ್ದಾಗ ಇನ್ನೊಂದು ತೊಡಕಿದೆ. ಒಳಗೆ ತುಂಬಿದ ಬೆಳಕಿನಲ್ಲಿ ಒಂದು ಪಾಲನ್ನು ಸಿಲಿಕಾನ್ ಹೀರಿ ತಾನೇ ಬಿಸಿಯಾಗುತ್ತದೆ. ಹೀಟರ್ ಏರಿಸುತ್ತಾ ಹೋದರೆ ಅನುರಣನ ಲೇಸರ್ ಹತ್ತಿರ ಬಂದಂತೆ ಈ ಸ್ವಂತ ಬಿಸಿಯೂ ಸೇರಿ, ನಿಲ್ಲಬೇಕಾದಲ್ಲಿ ನಿಲ್ಲದೆ ಥಟ್ಟನೆ ಆಚೆಗೆ ಜಿಗಿಯುತ್ತದೆ. ನಿಯಂತ್ರಣ ಸರ್ಕ್ಯೂಟ್‌ ಕೆಟ್ಟಿದೆ ಎಂದು ಹುಡುಕಾಡುವವರು ಮೊದಲು ಇದನ್ನು ನೋಡಬೇಕು: ಲೇಸರ್ ಶಕ್ತಿಯನ್ನು ಹತ್ತನೇ ಒಂದಕ್ಕೆ ಇಳಿಸಿದಾಗ ಜಿಗಿತ ಮಾಯವಾದರೆ ಕಾರಣ ಉಂಗುರದ ಸ್ವಂತ ಬಿಸಿಯೇ.

ಆಗ ದಾರಿ ತಿರುಗಿಸಿ. ಹೀಟರನ್ನು ಬೇಕಾದ್ದಕ್ಕಿಂತ ಹೆಚ್ಚಿಗೆ ಏರಿಸಿ ಅನುರಣನವನ್ನು ಲೇಸರ್ ದಾಟಿಸಿ, ಆಮೇಲೆ ನಿಧಾನ ಇಳಿಸುತ್ತಾ ಬನ್ನಿ. ಈ ಬದಿಯಲ್ಲಿ ಉಂಗುರ ತುಸು ಹೆಚ್ಚು ಬಿಸಿಯಾದರೆ ಲೇಸರ್‌ನಿಂದ ದೂರ ಸರಿದು ಕಡಿಮೆ ಬೆಳಕು ಹೀರಿ ತಣಿಯುತ್ತದೆ. ತಣಿದರೆ ಮತ್ತೆ ಹೆಚ್ಚು ಹೀರುತ್ತದೆ. ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಆದರೆ ತುದಿಯವರೆಗೆ ಹೋಗಬೇಡಿ. ಡ್ರಾಪ್ ಪೋರ್ಟ್‌ನಲ್ಲಿ (ಉಂಗುರ ಆರಿಸಿದ ಬೆಳಕು ಹೊರಬರುವ ದಾರಿ) ಬೆಳಕನ್ನು ಅಳೆಯುವ ಫೋಟೊಡಯೋಡ್‌ನ ಕರೆಂಟು ಗರಿಷ್ಠದ ಶೇ. 80ರ ಹತ್ತಿರ ಬಂದಾಗ ನಿಲ್ಲಿಸಿ, ಅಲ್ಲಿಂದ ಆ ಕರೆಂಟು ನೋಡಿ ಹೀಟರನ್ನು ತಿದ್ದುವ ಫೀಡ್‌ಬ್ಯಾಕ್ ಕೈಗೆ ಬಿಡಿ.