ಗಸಿಯೇ ಜರಡಿ

ನಲ್ಲಿ ತಿರುಗಿಸಿದ ಕೂಡಲೇ ಬೆರಳು ದಪ್ಪದ ಧಾರೆ ಬಂತು. ಅರ್ಧ ನಿಮಿಷದಲ್ಲಿ ಅದು ದಾರದಷ್ಟಾಯಿತು. ಆಮೇಲೆ ತೊಟ್ಟು ತೊಟ್ಟು, ಆಮೇಲೆ ಅದೂ ಇಲ್ಲ. ಪಾತ್ರೆಯಲ್ಲಿ ಇನ್ನೂ 15 ಲೀಟರ್ ವರ್ಟ್ ಉಳಿದಿತ್ತು.

ಇದು ನಡೆದದ್ದು ಸಿಯಾಟಲ್‌ನಲ್ಲಿ, ಗೆಳೆಯನೊಬ್ಬನ ಗ್ಯಾರೇಜಿನಲ್ಲಿ. ಭಾನುವಾರ ಬಂತೆಂದರೆ ಅವನಿಗೆ ಬಿಯರ್ ಕಾಯಿಸುವ ಹುಚ್ಚು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಈ ಹುಚ್ಚಿಗೆ ಅನುಮತಿ ಸಿಕ್ಕಿತು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಜಾಸ್ತಿಯೋ ಇದ್ದರೆ 200. ಮಾರುವಂತಿಲ್ಲ ಅಷ್ಟೇ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಹೀಗೆ ಮಾಡಿದರೆ ಅಬಕಾರಿಯವರು ಬರುತ್ತಾರೆ. ಅದಕ್ಕೇ ಈ ಕಥೆ ಅಲ್ಲಿಯದು.

ವರ್ಟ್ ಅಂದರೆ ಇನ್ನೂ ಬಿಯರ್ ಆಗದ ಸಿಹಿ ನೀರು. ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿನ ದಾಯಾದಿ ಅನ್ನಿ. ಅದನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಒಳಗಿನ ಪಿಷ್ಟದ ಬಹುಪಾಲು ಸಕ್ಕರೆಯಾಗುತ್ತದೆ. ಆ ನೀರನ್ನು ಬಸಿದು, ಹಾಪ್ಸ್ ಹಾಕಿ ಕುದಿಸಬೇಕು. ತಣಿದ ಮೇಲೆ ಯೀಸ್ಟ್ ಬಿದ್ದು ಹುದುಗಿದರೆ ಆಗ ಬಿಯರ್.

ತೊಂದರೆಯೆಲ್ಲ ಹಾಪ್ಸ್‌ನದು. ಅದು ಒಂದು ಬಳ್ಳಿಯ ಹೆಣ್ಣು ಹೂವು. ಹೂವಿನ ಪಕಳೆಗಳ ಬುಡದಲ್ಲಿ ಲುಪುಲಿನ್ ಅನ್ನುವ ಹಳದಿ ಅಂಟುಪುಡಿ ಇರುತ್ತದೆ. ಬಿಯರಿನ ಕಹಿ, ಘಮ ಎರಡೂ ಬರುವುದು ಹೆಚ್ಚಾಗಿ ಅದರಿಂದ. ಮಿಕ್ಕಿದ್ದು ಹೆಚ್ಚುಕಡಿಮೆ ಸೊಪ್ಪು. ಸಿಯಾಟಲ್‌ನಿಂದ ಪೂರ್ವಕ್ಕೆ ಬೆಟ್ಟ ದಾಟಿದರೆ ಯಾಕಿಮಾ ಕಣಿವೆ. ಅಮೆರಿಕದ ಹಾಪ್ಸ್‌ನಲ್ಲಿ ಬಹುಪಾಲು ಬೆಳೆಯುವುದು ಅಲ್ಲೇ. ಆದರೆ ಇಷ್ಟು ಹತ್ತಿರವಿದ್ದರೂ ನನ್ನ ಗೆಳೆಯ ಹೂವು ತರುವುದಿಲ್ಲ, ಪೆಲೆಟ್ ತರುತ್ತಾನೆ. ಹೂವನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ ಮಾಡಿದ ಹಸಿರು ಗುಳಿಗೆ ಅದು. ನೋಡಲು ದನದ ಫೀಡ್ ಥರ. ಕಡಿಮೆ ಜಾಗ ಸಾಕು, ಬೇಗ ಕೆಡುವುದಿಲ್ಲ. ಕುದಿಯುವ ವರ್ಟ್‌ಗೆ ಬಿದ್ದರೆ ಬೇಗನೆ ಬಿಚ್ಚಿಕೊಂಡು ನುಣ್ಣನೆ ಕೆಸರಾಗುತ್ತದೆ. ಅದರ ಜೊತೆಗೆ ಬಾರ್ಲಿಯ ಪ್ರೋಟೀನು ಬೇರೆ, ಒಡೆದ ಹಾಲಿನ ಹಾಗೆ ಚೂರು ಚೂರಾಗಿ ತೇಲುತ್ತದೆ. ಎರಡೂ ಸೇರಿದ ಈ ಗಸಿಗೆ ಜರ್ಮನ್ನರು ಇಟ್ಟ ಹೆಸರು ಟ್ರೂಬ್.

ಗೆಳೆಯನ ಪಾತ್ರೆಯ ನಲ್ಲಿಗೆ ಒಳಗಡೆ ಉಕ್ಕಿನ ತಂತಿಬಲೆ ಇತ್ತು. ಹಿಂದಿನ ಸಲ ಅದರಿಂದ ಗಸಿ ನುಸುಳಿತ್ತಂತೆ. ಅದಕ್ಕೇ ಈ ಸಲ ಇನ್ನೂ ಸಣ್ಣ ಕಣ್ಣಿನ ಬಲೆ ಸುತ್ತಿದ್ದ. ನಾವಾದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಕಸ ನುಸುಳಿದರೆ ಜರಡಿ ಸಣ್ಣದಾಗಬೇಕು. ಫಲ ಏನಾಯಿತು ಅಂತ ಆಗಲೇ ಹೇಳಿದೆ.

ಯಾಕೆ ಹೀಗೆ? ಕಾಫಿ ಫಿಲ್ಟರ್ ತೆರೆದು ನೋಡಿ. ಮೇಲಿನ ಬಟ್ಟಲಿನ ತಳದಲ್ಲಿರುವ ತೂತುಗಳು ಕಾಫಿಪುಡಿಯ ನುಣ್ಣನೆ ಕಣಗಳಿಗಿಂತ ದೊಡ್ಡವು. ಲೆಕ್ಕದ ಪ್ರಕಾರ ಪುಡಿಯೆಲ್ಲ ಕೆಳಗಿಳಿಯಬೇಕು. ಇಳಿಯುವುದು ಸ್ವಲ್ಪ ಮಾತ್ರ, ಅದೂ ಮೊದಲ ತೊಟ್ಟುಗಳ ಜೊತೆ. ಅಷ್ಟರಲ್ಲಿ ನಾಲ್ಕೈದು ಕಣಗಳು ಒಂದಕ್ಕೊಂದು ಆತುಕೊಂಡು ತೂತಿನ ಮೇಲೆ ಕಮಾನು ಕಟ್ಟುತ್ತವೆ. ಕಮಾನಿನ ಸಂದಿಯಲ್ಲಿ ಇನ್ನೂ ಸಣ್ಣ ಕಣ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಡಿಕಾಕ್ಷನ್ ಸೋಸುವುದು ಹಿತ್ತಾಳೆಯ ತೂತಲ್ಲ, ಪುಡಿಯೇ. ತೂತಿನ ಕೆಲಸ ಪುಡಿಯನ್ನು ಹೊತ್ತುಕೊಂಡಿರುವುದು ಮಾತ್ರ.

ಹಾಗಾಗಿ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದೂ ಆ ಪುಡಿಯ ಪದರವೇ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಇದರ ನಿಯಮವನ್ನು 1856ರಲ್ಲೇ ಬರೆದಿಟ್ಟ. ಡಿಜಾನ್ ಊರಿನ ನೀರು ಸರಬರಾಜಿನ ಕೆಲಸದಲ್ಲಿದ್ದ ಅವನು ಮರಳು ತುಂಬಿದ ಕಂಬದಲ್ಲಿ ನೀರು ಇಳಿಸಿ ಅಳೆದ. ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು, ಪದರ ದಪ್ಪವಾದಷ್ಟೂ ಕಡಿಮೆ. ಇದರ ಜೊತೆ ಸಂದಿಗಳ ಅಗಲವನ್ನೂ ಸೇರಿಸಿ. ಒಂದು ಸಣ್ಣ ಕೊಳವೆಯ ಅಗಲ ಅರ್ಧ ಮಾಡಿದರೆ ಅದರಲ್ಲಿ ಹರಿಯುವ ನೀರು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಾಗುತ್ತದೆ. ಅಷ್ಟೇ ಜಾಗದಲ್ಲಿ ಅಂಥ ನಾಲ್ಕು ಕೊಳವೆ ಹಿಡಿಸಿದರೂ ಒಟ್ಟು ಹರಿವು ನಾಲ್ಕನೇ ಒಂದು. ಪೆಲೆಟ್ ಕೆಸರಿನ ಸಂದಿಗಳು ಎಷ್ಟು ಸಣ್ಣ ಅಂತ ನೀವೇ ಊಹಿಸಿ. ಇದನ್ನೆಲ್ಲ ದಾಟಿಸಲು ಇರುವ ಒತ್ತಡ ಎಷ್ಟು? ಪಾತ್ರೆಯಲ್ಲಿ ವರ್ಟ್ ಒಂದು ಅಡಿ ಆಳವಿದ್ದರೆ, ವಾಯು ಒತ್ತಡದ ನೂರಕ್ಕೆ ಮೂರು ಪಾಲು. ಎಳನೀರಿಗೆ ಸ್ಟ್ರಾ ಹಾಕಿ ಎಳೆಯುವ ಬಲ, ಅಷ್ಟೇ.

ಗೆಳೆಯ ಪಂಪ್ ತಂದು ನಲ್ಲಿಗೆ ಹಚ್ಚಿದ. ಇನ್ನೂ ಕೆಟ್ಟಿತು. ಡಾರ್ಸಿಯ ಮರಳು ಗಟ್ಟಿ, ಒತ್ತಿದರೂ ಸಂದಿ ಸಂದಿಯಾಗೇ ಇರುತ್ತದೆ. ಹಾಪ್ಸ್ ಕೆಸರು ಮೆತ್ತಗೆ. ಎಳೆದಷ್ಟೂ ಬಲೆಗೆ ಅಂಟಿಕೊಂಡು ಸಂದಿಗಳೇ ಮುಚ್ಚಿಹೋಗುತ್ತವೆ. ಕಾಫಿಪುಡಿಯ ಮೇಲಿನ ಒತ್ತುಬಿಲ್ಲೆಯನ್ನು ಜಾಸ್ತಿ ಅದುಮಿ, ಬೆಳಗಿನ ಡಿಕಾಕ್ಷನ್ ಇಳಿಯದೆ ಒದ್ದಾಡಿದವರಿಗೆ ಇದು ಗೊತ್ತು.

ಹಳೇ ಇಂಗ್ಲಿಷ್ ಬ್ರೂವರಿಗಳು ಈ ವಿದ್ಯೆಯನ್ನು ಚೆನ್ನಾಗಿ ಬಳಸಿಕೊಂಡವು. ಅವರು ಹಾಕುತ್ತಿದ್ದುದು ಇಡೀ ಹೂವು. ಕುದಿದ ವರ್ಟನ್ನು ಹೂವಿನ ಸಮೇತ ತೂತಿನ ತಳವಿರುವ ಇನ್ನೊಂದು ಪಾತ್ರೆಗೆ ಸುರಿಯುತ್ತಿದ್ದರು. ಅದರ ಹೆಸರು ಹಾಪ್ ಬ್ಯಾಕ್. ಹೂಗಳು ತಳದಲ್ಲಿ ಹಾಸಿಗೆ ಹಾಸಿಕೊಂಡು ಪ್ರೋಟೀನಿನ ಚೂರುಗಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿದ್ದವು. ಅಂದರೆ ಕಸವೇ ಕಸವನ್ನು ಸೋಸುತ್ತಿತ್ತು. ಪೆಲೆಟ್‌ಗೆ ಈ ಭಾಗ್ಯವಿಲ್ಲ. ಕಮಾನು ಕಟ್ಟಲು ದೊಡ್ಡ ಚೂರೇ ಇಲ್ಲವಲ್ಲ.

ಹಾಗಾದರೆ ಸೋಸುವ ಯೋಚನೆಯನ್ನೇ ಬಿಡಬೇಕು. ಒಂದು ಲೋಟ ನೀರಿಗೆ ಚಿಟಿಕೆ ಟೀ ಪುಡಿ ಹಾಕಿ, ನೆಂದು ತಳಕ್ಕಿಳಿದ ಮೇಲೆ ಚಮಚದಿಂದ ಜೋರಾಗಿ ತಿರುವಿ, ಚಮಚ ತೆಗೆದುಬಿಡಿ. ಸುತ್ತುವ ನೀರು ಪುಡಿಯನ್ನು ಅಂಚಿಗೆ ಎಸೆಯಬೇಕು ಅನ್ನಿಸುತ್ತದೆ. ಆದರೆ ಪುಡಿ ನಡುವೆ ಬಂದು ಗುಡ್ಡೆಯಾಗುತ್ತದೆ. ಐನ್‌ಸ್ಟೈನ್ 1926ರಲ್ಲಿ ಇದನ್ನು ವಿವರಿಸಿದರು. ಅವರಿಗೆ ಬೇಕಿದ್ದದ್ದು ನದಿಗಳು ಯಾಕೆ ಅಂಕುಡೊಂಕಾಗುತ್ತವೆ ಅನ್ನುವುದು, ಟೀ ಕಪ್ಪು ಉದಾಹರಣೆಗೆ ಬಂತು.

ವಿಷಯ ಇಷ್ಟು. ಸುತ್ತುವ ನೀರು ಹೊರಕ್ಕೆ ಒತ್ತುವುದರಿಂದ ಅಂಚಿನಲ್ಲಿ ಒತ್ತಡ ಜಾಸ್ತಿ, ನಡುವೆ ಕಡಿಮೆ. ಮೇಲಿನ ನೀರಿಗೆ ವೇಗವಿದೆ, ಅದು ಈ ಒತ್ತಡಕ್ಕೆ ಸರಿಸಮ ನಿಲ್ಲುತ್ತದೆ. ತಳದ ನೀರು ಮಾತ್ರ ಪಾತ್ರೆಗೆ ಉಜ್ಜಿ ನಿಧಾನವಾಗಿರುತ್ತದೆ, ಅದಕ್ಕೆ ಎದುರು ನಿಲ್ಲುವ ಶಕ್ತಿ ಇಲ್ಲ. ಅಂಚಿನ ಒತ್ತಡ ಅದನ್ನು ನಡುವಿಗೆ ತಳ್ಳುತ್ತದೆ. ಜೊತೆಗೆ ಪುಡಿಯೂ ಬರುತ್ತದೆ. ನಡುವೆ ನೀರು ಮೇಲೇಳುತ್ತದೆ, ಭಾರದ ಪುಡಿ ಏಳಲಾರದೆ ಅಲ್ಲೇ ಕೂರುತ್ತದೆ. ಕೆನಡಾದ ಮೋಲ್ಸನ್ ಬ್ರೂವರಿಯಲ್ಲಿದ್ದ ಹೆನ್ರಿ ಹಡ್‌ಸ್ಟನ್ 1960ರಲ್ಲಿ ಇದನ್ನೇ ದೊಡ್ಡ ತೊಟ್ಟಿಯಲ್ಲಿ ಮಾಡಿ ತೋರಿಸಿದ. ಇವತ್ತು ದೊಡ್ಡ ಬ್ರೂವರಿಗಳಲ್ಲೂ ಸುಳಿ ತೊಟ್ಟಿ ಸಾಮಾನ್ಯ.

ಗೆಳೆಯ ಮುಂದಿನ ಸಲ ಬಲೆ ಕಿತ್ತೆಸೆದ. ಉರಿ ಆರಿಸಿ, ಉದ್ದ ಸೌಟಿನಿಂದ ಎರಡು ನಿಮಿಷ ಒಂದೇ ದಿಕ್ಕಿಗೆ ತಿರುವಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟ. ಕೆಲಸ ಆಗಲಿಲ್ಲ! ತಣಿಸುವ ತಾಮ್ರದ ಸುರುಳಿ ಪಾತ್ರೆಯೊಳಗೇ ಇತ್ತು, ಸುಳಿ ಅದಕ್ಕೆ ಬಡಿದು ಚೆದುರಿಹೋಗಿತ್ತು. ಮೂರನೇ ಸಲ ಸುರುಳಿ ತೆಗೆದು ತಿರುವಿದ. ಪಾತ್ರೆಯ ಅಂಚಿನಲ್ಲಿರುವ ನಲ್ಲಿಯಿಂದ ಸಣ್ಣ ಧಾರೆಯಲ್ಲಿ ಬಸಿದರೆ ಕೊನೆಗೆ ತಳದ ನಡುವೆ ಹಸಿರು ಮುದ್ದೆ ಕಂಡಿತು, ನಾಟಿಕೋಳಿ ಸಾರಿಗೆ ಕಾದು ಕೂತ ಹಾಗೆ. ಕೊನೆಯ ಒಂದೆರಡು ಲೀಟರ್ ಮುದ್ದೆಯ ಪಾಲು. ಆಸೆಬುರುಕತನದಿಂದ ಪಾತ್ರೆ ಬಗ್ಗಿಸಿದರೆ ಮುದ್ದೆ ಕುಸಿಯುತ್ತದೆ.

ಆ ಇಪ್ಪತ್ತು ನಿಮಿಷ ಸುಮ್ನೆ ಅಲ್ಲ. ಕಣದ ಅಗಲ ಅರ್ಧವಾದರೆ ಅದು ತಳಕ್ಕಿಳಿಯುವ ವೇಗ ನಾಲ್ಕನೇ ಒಂದಾಗುತ್ತದೆ. ಹಾಗಾಗಿ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡಿದರೆ ಲಾಭ. ಅದಕ್ಕೆ ಕುದಿತದ ಕೊನೆಯ ಹತ್ತು ನಿಮಿಷದಲ್ಲಿ ಐರಿಷ್ ಮಾಸ್ ಅನ್ನುವ ಒಣಗಿದ ಕಡಲ ಪಾಚಿ ಹಾಕುತ್ತಾರೆ. ಅದರಲ್ಲಿರುವ ಕ್ಯಾರಜೀನನ್ ಪ್ರೋಟೀನುಗಳನ್ನು ಹಿಡಿದು ಕಟ್ಟುತ್ತದೆ. ಐಸ್‌ಕ್ರೀಂ ಗಟ್ಟಿಯಾಗಿಡಲು ಹಾಕುವುದೂ ಇದನ್ನೇ. ಆದರೆ ವರ್ಟ್ 80 ಡಿಗ್ರಿಗಿಂತ ಬಿಸಿಯಾಗಿರುವವರೆಗೂ ಹಾಪ್ಸ್ ಕಹಿ ಬಿಡುತ್ತಲೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ತಣಿದ ಮೇಲೆ ಅಡುಗೆಮನೆಯ ಜಾಲರಿ ತಂದು ಸೋಸುವುದಂತೂ ಅಪಾಯ. ಜಾಲರಿಯ ಸಂದಿಯಲ್ಲಿರುವ ಬ್ಯಾಕ್ಟೀರಿಯಾಗೆ ತಣ್ಣನೆ ವರ್ಟ್ ಅಂದರೆ ಹಬ್ಬದೂಟ.

ನನ್ನ ಕೇಳಿದರೆ ಗಸಿಯ ಬಗ್ಗೆ ಇಷ್ಟೊಂದು ಹೆದರಬೇಕಾಗಿಲ್ಲ. ಅದರಲ್ಲಿರುವ ಕೊಬ್ಬಿನಂಶ, ಸತು ಯೀಸ್ಟ್‌ಗೂ ಬೇಕು. ಸ್ವಲ್ಪ ಹೋದರೆ ಒಳ್ಳೆಯದೇ. ತಟ್ಟೆಗಳ ನಡುವೆ ವರ್ಟ್ ಹರಿಸಿ ತಣಿಸುವ ಯಂತ್ರ ಇಟ್ಟುಕೊಂಡವರು ಮಾತ್ರ ಜೋಪಾನ. ಅದರ ಕಿರುಸಂದಿಯಲ್ಲಿ ಹಾಪ್ಸ್ ಸಿಕ್ಕಿಕೊಂಡರೆ ತೆಗೆಯುವುದು ಬೇಡ ಬೇಡ ಅನ್ನಿಸಿಬಿಡುತ್ತದೆ.

ಉಳಿದ ಹಸಿರು ಮುದ್ದೆಯನ್ನು ಗೆಳೆಯ ಗಿಡದ ಬುಡಕ್ಕೆ ಸುರಿಯಲು ಹೊರಟಿದ್ದ. ನಾನು ತಡೆದೆ. ಪಕ್ಕದ ಮನೆಯವರ ನಾಯಿ ಬೇಲಿ ನುಸುಳಿ ಬರುತ್ತದೆ. ಹಾಪ್ಸ್ ನಾಯಿಗಳಿಗೆ ವಿಷ, ತಿಂದರೆ ಮೈ ಬಿಸಿ ಹತೋಟಿ ತಪ್ಪಿ ಏರಿ ಸಾಯಲೂಬಹುದು. ಸಿಹಿ ವರ್ಟ್‌ನಲ್ಲಿ ನೆಂದ ಗಸಿಯೆಂದರೆ ಯಾವ ನಾಯಿ ಬಿಟ್ಟೀತು? ಮುದ್ದೆಯನ್ನು ಕವರಿನಲ್ಲಿ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ ಬಂದೆವು.