ದ್ರಾಕ್ಷಿರಸದೊಳಗೆ ಮೀನು ಬಂದಿದ್ದು ಹೇಗೆ?

ವೈನ್ ಅಂದರೆ ದ್ರಾಕ್ಷಿ, ಜೊತೆಗೆ ಒಂದಿಷ್ಟು ಯೀಸ್ಟ್. ಇದರಲ್ಲಿ ವೀಗನ್ ಅಲ್ಲದ್ದು, ಅಂದರೆ ಪ್ರಾಣಿಗಳಿಂದ ಬಂದದ್ದು, ಏನಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ತಕರಾರು ದ್ರಾಕ್ಷಿಯದ್ದಲ್ಲ, ವೈನನ್ನು ತಿಳಿ ಮಾಡುವ ಕೆಲಸದ್ದು.

ಹೊಸ ವೈನ್ ಬಗ್ಗಡವಾಗಿರುತ್ತದೆ. ಯೀಸ್ಟ್, ಪ್ರೊಟೀನು, ಒಗರು ಕೊಡುವ ಟ್ಯಾನಿನ್ ಎಲ್ಲ ಅದರಲ್ಲಿ ತೇಲುತ್ತಿರುತ್ತವೆ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಬಹುಪಾಲು ತಾನಾಗಿಯೇ ತಳ ಸೇರುತ್ತದೆ. ಆದರೆ ಅಷ್ಟು ಕಾಯುವ ತಾಳ್ಮೆ, ಜಾಗ, ದುಡ್ಡು ಎಲ್ಲರಿಗೂ ಇರುವುದಿಲ್ಲ, ಅಲ್ವಾ? ಅದಕ್ಕೇ ಹಿಂದಿನಿಂದಲೂ ಕೈಗೆ ಸಿಕ್ಕ ಪ್ರೊಟೀನನ್ನು ಪೀಪಾಯಿಗೆ ಹಾಕುತ್ತಾ ಬಂದರು: ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೂಳೆ ಚರ್ಮದಿಂದ ತೆಗೆದ ಜೆಲಟಿನ್, ಮೀನಿನ ಗಾಳಿಚೀಲ ಒಣಗಿಸಿ ಮಾಡಿದ ಐಸಿಂಗ್‌ಗ್ಲಾಸ್. ಟೀಗೆ ಹಾಲು ಹಾಕಿದರೆ ಒಗರು ಕಮ್ಮಿಯಾಗುತ್ತದಲ್ಲ, ಇಲ್ಲಿ ಆಗುವುದೂ ಹೆಚ್ಚುಕಮ್ಮಿ ಅದೇ.

ಫ್ರಾನ್ಸಿನ ವೈನ್ ಸೀಮೆ ಬೋರ್ಡೋದ ಹಳೇ ಪದ್ಧತಿ ನೋಡಿ. 225 ಲೀಟರಿನ ಒಂದು ಓಕ್ ಪೀಪಾಯಿಗೆ 3ರಿಂದ 6 ಮೊಟ್ಟೆಯ ಬಿಳಿ. ಚಿಟಿಕೆ ಉಪ್ಪು ಹಾಕಿ, ನೊರೆ ಏಳದಂತೆ ಕದಡಿ, ಪೀಪಾಯಿಗೆ ಸುರಿದು ನಿಧಾನಕ್ಕೆ ಕಲಕುತ್ತಾರೆ. ಆ ಬಿಳಿ ಟ್ಯಾನಿನ್ನನ್ನು ಅಪ್ಪಿಕೊಂಡು ಮೆಲ್ಲಗೆ ತಳಕ್ಕಿಳಿಯುತ್ತದೆ. ಕೆಲವು ವಾರ ಬಿಟ್ಟು ಮೇಲಿನ ತಿಳಿಯನ್ನು ಇನ್ನೊಂದು ಪೀಪಾಯಿಗೆ ಬಗ್ಗಿಸಿದರೆ ಗಸಿ ಕೆಳಗೇ ಉಳಿಯುತ್ತದೆ. ಮಿಕ್ಕ ಹಳದಿಯಿಂದಲೇ ಕ್ಯಾನೆಲೆ ಅನ್ನುವ ತಿಂಡಿ ಹುಟ್ಟಿತು ಅಂತ ಅಲ್ಲಿ ಕತೆಯೂ ಇದೆ. ಒಣಗಿಸಿದ ಎತ್ತಿನ ರಕ್ತವನ್ನೂ ಈ ಕೆಲಸಕ್ಕೆ ಬಳಸುತ್ತಿದ್ದರು. ಹುಚ್ಚು ಹಸು ರೋಗದ ಗಲಾಟೆಯಾದ ಮೇಲೆ, 1997ರಲ್ಲಿ, ಯುರೋಪಿಯನ್ ಒಕ್ಕೂಟ ಅದನ್ನು ನಿಲ್ಲಿಸಿತು.

ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಅನ್ನುವ ಪದ ಹುಟ್ಟುಹಾಕಿದ್ದು 1944ರಲ್ಲಿ. ವೈನಿನ ಲೇಬಲ್ ಮಾತ್ರ ಅದಾದ ಮೇಲೂ ಬಹಳ ವರ್ಷ ಬಾಯಿ ಬಿಡಲಿಲ್ಲ. ಹಾಕಿದ್ದೆಲ್ಲ ಗಸಿಯ ಜೊತೆ ಹೋಯಿತಲ್ಲ, ಇನ್ನು ಹೇಳುವುದೇನು ಅನ್ನುವುದು ತಯಾರಕರ ವಾದ. ಕಾನೂನೂ ಹಾಗೇ ಅಂದುಕೊಂಡಿತು.

ಮೌನ ಮುರಿದದ್ದು ಅಲರ್ಜಿ. 2012ರ ಮಧ್ಯದಿಂದ ಯುರೋಪಿಯನ್ ಒಕ್ಕೂಟದಲ್ಲಿ, ಲೀಟರಿಗೆ 0.25 ಮಿಲಿಗ್ರಾಂಗಿಂತ ಜಾಸ್ತಿ ಉಳಿದರೆ ಮೊಟ್ಟೆ, ಹಾಲನ್ನು ಲೇಬಲ್ ಮೇಲೆ ಬರೆಯಲೇಬೇಕಾಯಿತು. ಮೀನಿನ ಐಸಿಂಗ್‌ಗ್ಲಾಸಿಗೆ ವಿನಾಯಿತಿ ಸಿಕ್ಕಿತು. ಜೆಲಟಿನ್ ಅಂತೂ ಅಲರ್ಜಿಯ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಲೇಬಲ್ಲಿನಲ್ಲಿ ಮೊಟ್ಟೆ, ಹಾಲು ಇಲ್ಲ ಅಂದ ಮಾತ್ರಕ್ಕೆ ವೀಗನ್ ಅಂತ ನಂಬಿದರೆ ಕೆಟ್ಟಿರಿ. 2023ರ ಡಿಸೆಂಬರಿನಿಂದ ಅಲ್ಲಿ ಪದಾರ್ಥಗಳ ಪಟ್ಟಿ ಕೊಡುವ ನಿಯಮವೂ ಬಂದಿದೆ, ಬಹಳ ಕಡೆ ಕ್ಯೂಆರ್ ಕೋಡ್ ಮೂಲಕ. ಆದರೆ ಬಂದು ಹೋಗುವ ಇಂಥ ಸಾಮಗ್ರಿಗಳನ್ನು ಅದೂ ಕೇಳುವುದಿಲ್ಲ, ಅಲರ್ಜಿಯವನ್ನು ಬಿಟ್ಟು.

ಬದಲಿ ಇಲ್ಲವೇ? ಧಾರಾಳವಾಗಿ ಇದೆ. ಜ್ವಾಲಾಮುಖಿ ಬೂದಿಯಿಂದಾದ ಬೆಂಟೋನೈಟ್ ಜೇಡಿಮಣ್ಣನ್ನು 1930ರ ದಶಕದಿಂದಲೇ ಬಳಸುತ್ತಿದ್ದಾರೆ. ಅದು ಹಿಡಿಯುವುದು ಪ್ರೊಟೀನನ್ನು. ಬಿಳಿ ವೈನಿಗೆ ಬೇಕಾದ್ದೂ ಮುಖ್ಯವಾಗಿ ಅದೇ, ಹಾಗಾಗಿ ಎಷ್ಟೋ ಬಿಳಿ ವೈನುಗಳು ಯಾರೂ ಹೇಳಿಕೊಳ್ಳದೆಯೇ ವೀಗನ್ ಆಗಿರುತ್ತವೆ. ಕೆಂಪಿನ ಒಗರು ತಗ್ಗಿಸಲು ಬಟಾಣಿ, ಆಲೂಗಡ್ಡೆಯ ಪ್ರೊಟೀನು ಬಂದಿವೆ.

ಬಾಟಲಿ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತು, 1990ರಿಂದ ಇರುವಂಥದ್ದು. ಅದಿಲ್ಲದಿದ್ದರೆ 'ಅನ್‌ಫೈನ್ಡ್' ಅನ್ನುವ ಪದ, ಅಂದರೆ ತಿಳಿ ಮಾಡಲು ಇಂಥದ್ದೇನೂ ಹಾಕಿಲ್ಲ ಅಂತ. 'ಅನ್‌ಫಿಲ್ಟರ್ಡ್' ಕಂಡು ಮೋಸ ಹೋಗಬೇಡಿ. ಅಂದರೆ ಶೋಧಿಸಿಲ್ಲ ಅಂತ ಅಷ್ಟೇ, ಮೊಟ್ಟೆ ಹಾಕಿಲ್ಲ ಅಂತಲ್ಲ. ಆರ್ಗಾನಿಕ್ ಅಂತಿದ್ದರೂ ಜೆಲಟಿನ್, ಐಸಿಂಗ್‌ಗ್ಲಾಸ್ ಬಳಸಲು ಅಡ್ಡಿಯಿಲ್ಲ. ಬಯೋಡೈನಮಿಕ್ ಅನ್ನುವ ಕೃಷಿ ಪದ್ಧತಿಯದ್ದಾದರೆ ವಿಷಯ ಇನ್ನೂ ಮೋಜಿನದು: 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಹೇಳಿಕೊಟ್ಟಂತೆ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂತಿಟ್ಟು, ಆಮೇಲೆ ನೀರಿಗೆ ಕದಡಿ ತೋಟಕ್ಕೆ ಚಿಮುಕಿಸುತ್ತಾರೆ. ಬಾಟಲಿಯೊಳಗೆ ಏನೂ ಇಲ್ಲದಿದ್ದರೂ ಕೆಲವು ವೀಗನ್ನರು ಇಲ್ಲಿಗೇ ಕೈ ಬಿಡುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಇನ್ನೊಂದು: ಒಂದೇ ಹೆಸರಿನ ವೈನಿಗೆ ಒಂದು ವರ್ಷ ಜೇಡಿಮಣ್ಣು, ಮುಂದಿನ ವರ್ಷ ಮೊಟ್ಟೆ ಹಾಕಿರಬಹುದು. ತಯಾರಕರಿಗೆ ಬರೆದು ಕೇಳುವಾಗ ಬಾಟಲಿಯ ಮೇಲಿನ ಇಸವಿಯನ್ನೂ ಸೇರಿಸಿ ಕೇಳಿ.